ಬೀಳೋ ಹಲ್ಲು ತಾನೇ? – ಮಕ್ಕಳ ಹಲ್ಲು ಮತ್ತು ಡಾಕ್ಟರ ಭಯ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಮಧ್ಯಾಹ್ನದ ಗೋಷ್ಠಿಯಲ್ಲಿ, ಮಕ್ಕಳ ದಂತವೈದ್ಯೆಯಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಹೋಳಿಗೆ ಊಟ ಹಾಕಿಸಿ, ಆಮೇಲೆ ಹಲ್ಲಿನ ಡಾಕ್ಟರನ್ನು ಮಾತಿಗೆ ನಿಲ್ಲಿಸಿದ್ದಾರೆ. ಸಮಿತಿಯವರು ಬೇಕೆಂದೇ ಹೀಗೆ ಮಾಡಿದರೋ ಗೊತ್ತಿಲ್ಲ. ಹೋಳಿಗೆ ತಿಂದದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ, ನಾನೂ ಎರಡು ತಿಂದಿದ್ದೇನೆ.

ನನ್ನ ಬಾಯಲ್ಲಿ ಒಂದು ಹಲ್ಲಿಲ್ಲ. ಕೆಳಗಿನ ಸಾಲು, ಎಡಗಡೆ, ಅಗಿಯುವ ದೊಡ್ಡ ಹಲ್ಲು. ಅದನ್ನು ಕಳೆದುಕೊಂಡಿದ್ದು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವಾಗ. ಗಣಿತದ ಕಿರುಪರೀಕ್ಷೆಯ ದಿನ ಕೆನ್ನೆ ಊದಿಕೊಂಡು ಕೂತಿದ್ದೆ. ಮೇಷ್ಟ್ರು ನೋಡಿ ಮನೆಗೆ ಕಳಿಸಿದರು. ಮಾರನೇ ದಿನ ಅಪ್ಪ ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. "ಸುಮ್ಮನೆ ನೋಡ್ತಾರೆ ಅಷ್ಟೇ" ಅಂತ ದಾರಿಯುದ್ದಕ್ಕೂ ಹೇಳಿದರು. ಅಲ್ಲಿ ಇಬ್ಬರು ಕೈ ಹಿಡಿದರು, ಒಬ್ಬರು ತಲೆ ಹಿಡಿದರು, ಹಲ್ಲು ಕಿತ್ತರು. ಅಪ್ಪ ಸುಳ್ಳು ಹೇಳಿದರು ಎಂಬ ಸಿಟ್ಟು ನೋವಿಗಿಂತ ಹೆಚ್ಚು ದಿನ ಇತ್ತು. ಪಾಪ, ಅವರಿಗೂ ಗೊತ್ತಿರಲಿಲ್ಲ. ಆ ಹಲ್ಲು ಹುಳುಕಾಗಿದೆ ಎಂದು ನಾನು ಮೊದಲು ಹೇಳಿದ್ದು ಎರಡನೇ ಕ್ಲಾಸಿನಲ್ಲಿ. ಆಗ ಮನೆಯಲ್ಲಿ ಸಿಕ್ಕ ಉತ್ತರ, "ಬೀಳೋ ಹಲ್ಲು ತಾನೇ, ಬಿಡು."

ಅದು ಬೀಳುವ ಹಲ್ಲಾಗಿರಲಿಲ್ಲ. ಇವತ್ತು ನೀವು ಬೇರೆ ಏನು ಮರೆತರೂ ಇದೊಂದನ್ನು ಮನೆಗೆ ತೆಗೆದುಕೊಂಡು ಹೋಗಿ. ಹಾಲುಹಲ್ಲು ಒಟ್ಟು 20. ಸುಮಾರು ಆರು ತಿಂಗಳಿಗೆ ಶುರುವಾಗಿ ಎರಡೂವರೆ ಮೂರು ವರ್ಷಕ್ಕೆ ಎಲ್ಲವೂ ಬಂದಿರುತ್ತವೆ. ಮಗುವಿಗೆ ಆರು ವರ್ಷ ಆಗುವ ಹೊತ್ತಿಗೆ, ಕೊನೆಯ ಹಾಲುಹಲ್ಲಿನ ಹಿಂದೆ ಒಂದೊಂದು ದೊಡ್ಡ ಹಲ್ಲು ಹುಟ್ಟುತ್ತದೆ. ಮೇಲೆ ಎರಡು, ಕೆಳಗೆ ಎರಡು. ಇವು ಬರಲು ಯಾವ ಹಲ್ಲೂ ಬೀಳಬೇಕಾಗಿಲ್ಲ, ಖಾಲಿ ಜಾಗದಲ್ಲಿ ಸದ್ದಿಲ್ಲದೆ ಬಂದುಬಿಡುತ್ತವೆ. ಹಳೆಯ ಹಲ್ಲು ಬಿದ್ದಿಲ್ಲವಲ್ಲ, ಹಾಗಾಗಿ ಮನೆಯವರು ಇದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಜೀವಮಾನಕ್ಕೆಲ್ಲಾ ಒಮ್ಮೆ ಬರುವ ಹಲ್ಲು ಅದು. ನನ್ನದು ಹೋದ ಮೇಲೆ ಅದರ ಹಿಂದಿನದು ಮುಂದಕ್ಕೆ ವಾಲಿತು, ಮೇಲಿನದು ಕೆಳಕ್ಕೆ ಇಳಿಯಿತು. ಇವತ್ತಿಗೂ ಕಡಲೆ ತಿನ್ನುವುದು ಬಲಗಡೆಯಲ್ಲೇ.

ಹಾಗಾದರೆ ನಿಜವಾದ ಹಾಲುಹಲ್ಲು ಹುಳುಕಾದರೆ ಬಿಟ್ಟುಬಿಡಬಹುದೇ ಅಂತ ಕೇಳುತ್ತೀರಿ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬಿದ್ದುಹೋಗುತ್ತವೆ, ಅವನ್ನು ನಾವು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದು ಸಂಭ್ರಮಿಸುತ್ತೇವೆ. ಆದರೆ ಅಗಿಯುವ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕು. ಕೆಳಗಿನಿಂದ ಬರುವ ಹಲ್ಲಿಗೆ ಅವು ಜಾಗ ಕಾಯುತ್ತವೆ. ಮದುವೆ ಮನೆಯ ಪಂಕ್ತಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಟವೆಲ್ ಮೊದಲೇ ತೆಗೆದರೆ ಪಕ್ಕದವರು ಸರಿದು ಕೂತುಬಿಡುತ್ತಾರೆ. ಇನ್ನೊಂದು ವಿಷಯ, ಹಾಲುಹಲ್ಲಿನ ಹೊರಗಿನ ಗಟ್ಟಿ ಪದರ ತೆಳು. ಹುಳುಕು ಬೇಗ ಒಳಗಿನ ನರದವರೆಗೆ ಇಳಿದು ಕೀವು ಕಟ್ಟುತ್ತದೆ.

ಕೀವು ಅಂದೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಐದು ವರ್ಷದ ಹುಡುಗಿಯನ್ನು ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತಂದೆ ಮತ್ತು ಅಜ್ಜಿ ಬಂದರು. ಬಲಗೆನ್ನೆ ಊದಿ, ಬಲಗಣ್ಣು ಅರ್ಧ ಮುಚ್ಚಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಮೇಲಿನ ಹಾಲುಹಲ್ಲು ಮೂರು ವಾರದಿಂದ ನೋಯುತ್ತಿತ್ತಂತೆ. ಲವಂಗ ಇಟ್ಟರು, ಕರ್ಪೂರ ಇಟ್ಟರು, ನೆಲಗುಳ್ಳದ ಬೀಜದ ಹೊಗೆ ಹಾಕಿಸಿದರು, ಕೊನೆಗೆ ಹೊಗೆಸೊಪ್ಪಿನ ಪುಡಿಯನ್ನೂ ತುಂಬಿದರು. ಡಾಕ್ಟರ ಹತ್ತಿರ ಯಾಕೆ ಬರಲಿಲ್ಲ ಅಂದರೆ ಅಜ್ಜಿ ಹೇಳಿದ್ದು, "ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅಂತಾರಲ್ಲವ್ವ." ಆ ಮಗುವಿನ ಕಣ್ಣು ಮುಚ್ಚಿಹೋಗುತ್ತಿದ್ದದ್ದೇ ಆ ಹಲ್ಲು ಇನ್ನೂ ಅಲ್ಲಿದ್ದದ್ದರಿಂದ. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಹಲ್ಲು ತೆಗೆದದ್ದಕ್ಕೆ ದೃಷ್ಟಿ ಹೋಗುವುದಿಲ್ಲ. ಆದರೆ ಹಲ್ಲಿನ ಕೀವು ಬಿಟ್ಟರೆ ಮೇಲಕ್ಕೂ ಹೋಗುತ್ತದೆ, ಕೆಳಗಿನ ಹಲ್ಲಾದರೆ ಕುತ್ತಿಗೆಗೆ ಇಳಿದು ಉಸಿರಾಟಕ್ಕೇ ಅಡ್ಡ ಬರುತ್ತದೆ. ಆ ರಾತ್ರಿಯೇ ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ. ಡ್ರಿಪ್ ಹಾಕಿ, ಕೀವು ತೆಗೆದು, ಆರು ದಿನ ಇಟ್ಟುಕೊಂಡರು. ಉಳಿದಳು. ಕೆನ್ನೆ ಊದಿ ಜ್ವರ ಬಂದ ಮಗುವಿಗೆ ಬೆಳಗಾಗಲಿ ಅಂತ ಕಾಯಬೇಡಿ.

ಅವಳನ್ನು ಪರೀಕ್ಷೆ ಮಾಡುವುದೇ ದೊಡ್ಡ ಕೆಲಸವಾಗಿತ್ತು. ಅಷ್ಟು ನೋವಿದ್ದರೂ ಬಾಯಿ ಬಿಡಲಿಲ್ಲ, ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಗೊತ್ತಾಯಿತು, ಅನ್ನ ಬಿಟ್ಟಾಗೆಲ್ಲಾ ಮನೆಯಲ್ಲಿ ಹೇಳುತ್ತಿದ್ದ ಮಾತು: "ತಿನ್ನದೇ ಇದ್ದರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ದಬ್ಬಳದಂಥ ಸೂಜಿ ಚುಚ್ಚಿಸ್ತೀನಿ." ಇದನ್ನು ಹೇಳದ ಮನೆ ನಮ್ಮೂರಲ್ಲಿ ಎಷ್ಟಿದೆ, ಕೈಯೆತ್ತಿ ನೋಡೋಣ. (ನಗು) ನೋಡಿ, ವೇದಿಕೆಯ ಮೇಲೂ ಕೈ ಎದ್ದಿಲ್ಲ. ಮೂರು ವರ್ಷ ಗುಮ್ಮನ ಕೆಲಸ ಮಾಡಿಸಿ, ನಾಲ್ಕನೇ ವರ್ಷ ಆ ಗುಮ್ಮನ ಕುರ್ಚಿಯಲ್ಲೇ ಮಗುವನ್ನು ಕೂರಿಸಿ "ಜಾಣಮರಿ, ಬಾಯಿ ತೆಗಿ" ಅಂದರೆ ಅದು ಹೇಗೆ ತೆಗೆದೀತು?

ತಪ್ಪೆಲ್ಲಾ ತಂದೆತಾಯಿಯದು ಅಂತ ನಾನು ಹೇಳುತ್ತಿಲ್ಲ. ನನ್ನದೇ ಒಂದು ಇದೆ. ಓದು ಮುಗಿಸಿ ಕ್ಲಿನಿಕ್ ಇಟ್ಟ ಮೊದಲ ವರ್ಷ. ಏಳು ವರ್ಷದ ಹುಡುಗ, ಕಣ್ಣು ಪಿಳಿಪಿಳಿ ಬಿಡುತ್ತಾ ಕುರ್ಚಿಯಲ್ಲಿ ಕೂತಿದ್ದ. "ಆಂಟಿ, ನೋಯುತ್ತಾ?" ಅಂದ. ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು. "ಏನೂ ನೋಯಲ್ಲ ಪುಟ್ಟ" ಅಂದು ಸಿರಿಂಜನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಂದು ಚುಚ್ಚಿದೆ. ಅವನು ಕಿರುಚಿದ, ನಾನು ಕೆಲಸ ಮುಗಿಸಿದೆ. ಅಂದಿನ ಲೆಕ್ಕಕ್ಕೆ ಅದು ಯಶಸ್ವಿ ಚಿಕಿತ್ಸೆಯೇ. ಹೋಗುವಾಗ ಅವನು ನನ್ನ ಮುಖ ನೋಡಲಿಲ್ಲ. ಐದು ವರ್ಷ ಆದ ಮೇಲೆ ಮತ್ತೆ ಬಂದ, ಬರದೇ ಬೇರೆ ದಾರಿ ಇರಲಿಲ್ಲ. ಆರನೇ ವರ್ಷದ ಎರಡು ಹಲ್ಲುಗಳು ಬೇರು ಮಾತ್ರ ಉಳಿದಿದ್ದವು. ಈ ನಡುವೆ ಎರಡು ಸಲ ನೋವು ಬಂದಿತ್ತಂತೆ, ಮನೆಯಲ್ಲಿ ಹೇಳದೆ ನುಂಗಿಕೊಂಡಿದ್ದ. ನನಗೆ ಒಂಬತ್ತನೇ ತರಗತಿಯಲ್ಲಿ ಆದದ್ದನ್ನೇ ನಾನು ಅವನಿಗೆ ಮಾಡಿದ್ದೆ. ಆವತ್ತಿನಿಂದ ನನ್ನ ಕುರ್ಚಿಯಲ್ಲಿ ಕೂತ ಯಾವ ಮಗುವಿಗೂ "ನೋಯಲ್ಲ" ಅಂದಿಲ್ಲ.

ಮತ್ತೆ ಏನು ಹೇಳುತ್ತೇನೆ? ನಮ್ಮ ಶಾಸ್ತ್ರದಲ್ಲಿ ಒಂದು ಸರಳ ಕ್ರಮವಿದೆ. 1959ರಲ್ಲಿ ಅಮೆರಿಕದ ಅಡಲ್‌ಸ್ಟನ್ ಎಂಬ ದಂತವೈದ್ಯರು ಬರೆದಿಟ್ಟದ್ದು. ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ನಮ್ಮ ಮೇಷ್ಟ್ರುಗಳು ಕರಿಹಲಗೆಯ ಮುಂದೆ ಮಾಡುತ್ತಿದ್ದದ್ದೂ ಇದೇ. ಗಾಳಿ ಊದುವ ಕೊಳವೆಯನ್ನು ಮೊದಲು ಮಗುವಿನ ಅಂಗೈಗೆ ಊದುತ್ತೇನೆ. ಚಿಕ್ಕ ಕನ್ನಡಿಯನ್ನು ಅದರ ಕೈಗೇ ಕೊಡುತ್ತೇನೆ, ಅದು ನನ್ನ ಹಲ್ಲು ನೋಡುತ್ತದೆ. ನನ್ನ ಬಾಯಲ್ಲಿ ಒಂದು ಕಮ್ಮಿ ಇರುವುದನ್ನು ಮಕ್ಕಳು ಬೇಗ ಕಂಡುಹಿಡಿಯುತ್ತವೆ, ನಿಮಗಿಂತ ಬೇಗ. ಆಮೇಲೆ ನಾನು ಅದರ ಹಲ್ಲು ಎಣಿಸುತ್ತೇನೆ, ಬೇಕೆಂದೇ ಒಂದು ಸಲ ತಪ್ಪು ಎಣಿಸುತ್ತೇನೆ. ಸೂಜಿ ಬೇಕಾದರೆ ಮೊದಲು ಒಸಡಿಗೆ ಮರಗಟ್ಟಿಸುವ ಜೆಲ್ಲು ಹಚ್ಚಿ, "ಇರುವೆ ಕಚ್ಚಿದ ಹಾಗೆ ಆಗುತ್ತೆ, ನಾನು ಐದು ಎಣಿಸೋದರೊಳಗೆ ಮುಗಿಯುತ್ತೆ" ಅನ್ನುತ್ತೇನೆ. ಐದು ಅಂದರೆ ಐದೇ, ಆರಾದರೆ ನಂಬಿಕೆ ಹೋಯಿತು. ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಅಂತಲೂ ಮಾತು ಕೊಟ್ಟಿರುತ್ತೇನೆ. ಮೊದಲ ಎರಡು ಸಲ ಸುಮ್ಮನೆ ಪರೀಕ್ಷೆ ಮಾಡಲು ಕೈ ಎತ್ತುತ್ತವೆ. ನಿಲ್ಲಿಸಿದೆ ಅಂತ ಖಾತ್ರಿಯಾದರೆ ಆಮೇಲೆ ಎತ್ತುವುದು ಕಡಿಮೆ. ಇಷ್ಟಕ್ಕೆಲ್ಲಾ ಹತ್ತು ನಿಮಿಷ ಹೆಚ್ಚು ಬೇಕು. ಆ ಹತ್ತು ನಿಮಿಷ ನನಗಿಲ್ಲ ಅನ್ನುವ ಡಾಕ್ಟರ ಹತ್ತಿರ ಮಗುವನ್ನು ಕರೆದೊಯ್ಯಬೇಡಿ ಅಂತ, ನನ್ನ ವೃತ್ತಿಯವರು ಬೈದುಕೊಂಡರೂ ಸರಿ, ಹೇಳುತ್ತೇನೆ.

ಕೊರೆಯುವ ಮೆಷಿನ್ನಿನ ಸದ್ದಿಗೆ ದೊಡ್ಡವರೇ ಹೆದರುತ್ತಾರೆ. ಆದರೆ ಮಕ್ಕಳ ವಿಷಯದಲ್ಲಿ ಅದು ಈಗ ಎಷ್ಟೋ ಸಲ ಬೇಕಾಗುವುದೇ ಇಲ್ಲ. 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ, ಕರೆಂಟಿಲ್ಲದ ಹಳ್ಳಿಗಳಿಗಾಗಿ ಒಂದು ವಿಧಾನ ರೂಪಿಸಿದರು. ಕೈ ಸಲಕರಣೆಯಿಂದಲೇ ಹುಳುಕಿನ ಮೆತ್ತನೆಯ ಭಾಗವನ್ನು ಕೆರೆದು ತೆಗೆದು, ಹಲ್ಲಿಗೆ ಅಂಟಿಕೊಳ್ಳುವ ಸಿಮೆಂಟ್ ತುಂಬುವುದು. ಮೆಷಿನ್ ಇಲ್ಲ, ಬಹುತೇಕ ಸೂಜಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟಿತು. ಬಡ ಊರಿಗೆಂದು ಹುಟ್ಟಿದ್ದು, ಈಗ ಶ್ರೀಮಂತ ದೇಶಗಳಲ್ಲೂ ಹೆದರುವ ಮಕ್ಕಳಿಗೆ ಬಳಸುತ್ತಾರೆ. ಇನ್ನೊಂದು, ಬೆಳ್ಳಿ ಮತ್ತು ಫ್ಲೋರೈಡ್ ಸೇರಿದ ದ್ರವ. ಹುಳುಕಿನ ಮೇಲೆ ಕುಂಚದಿಂದ ಹಚ್ಚಿದರೆ ಅದು ಅಲ್ಲೇ ನಿಲ್ಲುತ್ತದೆ. ಆ ಜಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮಾರನೇ ದಿನ ತಾಯಿ ಜಗಳಕ್ಕೆ ಬರುತ್ತಾರೆ. 2021ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿತು. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಎಂಬ ವೈದ್ಯೆ, ಹುಳುಕಾದ ದವಡೆಯ ಹಾಲುಹಲ್ಲನ್ನು ಕೊರೆಯದೆ ಅದರ ಮೇಲೆ ಸ್ಟೀಲಿನ ಟೋಪಿ ಕೂರಿಸುವ ಪದ್ಧತಿ ತಂದರು. ಒಳಗೆ ಗಾಳಿ, ಆಹಾರ ಸಿಗದೆ ಹುಳುಕು ಸುಮ್ಮನಾಗುತ್ತದೆ. ಮಕ್ಕಳು ಇದನ್ನು ಬೆಳ್ಳಿ ಹಲ್ಲು ಅಂತ ಶಾಲೆಯಲ್ಲೆಲ್ಲಾ ತೋರಿಸಿಕೊಂಡು ತಿರುಗುತ್ತವೆ. ಇವೆಲ್ಲಾ ಸಾಧ್ಯವಾಗುವುದು ಹುಳುಕು ನರ ಮುಟ್ಟುವ ಮೊದಲು ಬಂದರೆ ಮಾತ್ರ. ನೋವು ಶುರುವಾದ ಮೇಲೆ ಬಂದ ಮಗುವಿಗೆ ಸೂಜಿ, ಇಕ್ಕಳ ತಪ್ಪುವುದು ಕಷ್ಟ. ಅಂದರೆ ಹೆದರಿ ತಡ ಮಾಡಿದಷ್ಟೂ ಹೆದರಿದ್ದೇ ನಿಜವಾಗುತ್ತದೆ. ನಮ್ಮ ಕಡೆ ಬಹಳ ಮಕ್ಕಳು ಮೊದಲ ಸಲ ಡಾಕ್ಟರನ್ನು ನೋಡುವುದೇ ಅವರ ಅತಿ ಕೆಟ್ಟ ದಿನ.

ಆದ್ದರಿಂದ ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಒಮ್ಮೆ ತೋರಿಸಿ. ಆರೆಂಟು ಹಲ್ಲಿಗೆ ಡಾಕ್ಟರೇ ಅಂತ ನಗಬೇಡಿ. ತಾಯಿಯ ತೊಡೆಯ ಮೇಲೇ ಮಲಗಿಸಿಕೊಂಡು ನೋಡುತ್ತೇವೆ. ಮತ್ತೆ ಆರು ವರ್ಷಕ್ಕೆ, ನಾನು ಹೇಳಿದ ಆ ನಾಲ್ಕು ಹಲ್ಲು ಬಂದಾಗ ತಪ್ಪದೇ ಬನ್ನಿ. ಅದರ ಮೇಲಿನ ಆಳವಾದ ಗೀರುಗಳಲ್ಲಿ ಆಹಾರ ಕೂರದಂತೆ ಒಂದು ಪದರ ಹಚ್ಚುತ್ತೇವೆ. ನೋವೂ ಇಲ್ಲ, ರಕ್ತವೂ ಇಲ್ಲ. ನನಗೆ ಎರಡನೇ ಕ್ಲಾಸಿನಲ್ಲಿ ಯಾರಾದರೂ ಅಷ್ಟು ಮಾಡಿದ್ದರೆ ಸಾಕಿತ್ತು.

ಕರೆತರುವ ದಿನ ಬೆಳಗಿನ ಹೊತ್ತು ಬನ್ನಿ, ನಿದ್ದೆಗಣ್ಣಿನ ಮಗುವಿಗೆ ಧೈರ್ಯ ಕಡಿಮೆ. "ಹೆದರಬೇಡ, ಸೂಜಿ ಹಾಕಲ್ಲ" ಅಂತಲೂ ಹೇಳಬೇಡಿ. ಅದು ಸೂಜಿಯ ಯೋಚನೆಯೇ ಮಾಡಿರಲಿಲ್ಲ, ನೀವು ನೆನಪಿಸಿದಿರಿ. "ಹಲ್ಲು ಎಣಿಸ್ತಾರೆ" ಅನ್ನಿ, ಸಾಕು. ಅತ್ತರೆ ಚಾಕ್ಲೇಟ್ ಕೊಡಿಸುತ್ತೇನೆ ಅನ್ನುವ ಆಸೆಯೂ ಬೇಡ, ಅದರಲ್ಲೂ ನನ್ನ ಬಾಗಿಲಲ್ಲಿ ನಿಂತು ಚಾಕ್ಲೇಟ್! ನಿಮಗೇ ಹಲ್ಲಿನ ಡಾಕ್ಟರೆಂದರೆ ಭಯವಿದ್ದರೆ, ತಪ್ಪಿಲ್ಲ, ಮನೆಯಲ್ಲಿ ಭಯವಿಲ್ಲದ ಒಬ್ಬರು ಮಗುವಿನ ಜೊತೆ ಬರಲಿ. ಕುರ್ಚಿಯ ಪಕ್ಕದಲ್ಲಿ ತಾಯಿಯ ಕೈ ತಣ್ಣಗಾದರೆ ಮಗುವಿಗೆ ಗೊತ್ತಾಗುತ್ತದೆ. ವಾಪಸ್ ಹೋದ ಮೇಲೆ ಬೀದಿಯವರೆಲ್ಲಾ "ನೋವಾಯ್ತಾ? ರಕ್ತ ಬಂತಾ?" ಅಂತ ಮುತ್ತಿಕೊಳ್ಳುವುದನ್ನು ಹೇಗೆ ತಡೆಯುವುದೋ ನನಗೆ ಇನ್ನೂ ತಿಳಿದಿಲ್ಲ.

ದಿನದ ಅಭ್ಯಾಸದ ಬಗ್ಗೆ ಬೇಗ ಹೇಳುತ್ತೇನೆ, ಇದು ನಿಮಗೆ ಪಠ್ಯಪುಸ್ತಕದಲ್ಲೂ ಇದೆ. ಮೊದಲ ಹಲ್ಲು ಬಂದ ದಿನದಿಂದ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಬೇಕು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಮೇಲೆ ಹಾವಿನಂತೆ ಮಲಗಿರುತ್ತದಲ್ಲ, ಅದು ಪೇಸ್ಟ್ ಮಾರಲು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಒಂದೇ ಸಲ ಆಗುವುದಾದರೆ ರಾತ್ರಿಯದನ್ನು ಉಳಿಸಿಕೊಳ್ಳಿ, ನಿದ್ದೆಯಲ್ಲಿ ಬಾಯಿ ತೊಳೆಯುವ ಜೊಲ್ಲು ಕಡಿಮೆಯಾಗುತ್ತದೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಬೂದಿ, ಇದ್ದಲು, ಇಟ್ಟಿಗೆಪುಡಿ ಹಲ್ಲನ್ನೇ ಸವೆಸುತ್ತವೆ. ಬೇವಿನ ಕಡ್ಡಿಗೆ ನನ್ನ ತಕರಾರಿಲ್ಲ, ಆದರೆ ಅದರಲ್ಲಿ ಫ್ಲೋರೈಡ್ ಇಲ್ಲ. ಸಿಹಿಯ ವಿಷಯದಲ್ಲಿ ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಮುಖ್ಯ. ಸಕ್ಕರೆ ಬಾಯಿಗೆ ಬಿದ್ದಾಗೆಲ್ಲಾ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತದೆ, ಅದನ್ನು ಜೊಲ್ಲು ತಣಿಸಲು ಸುಮಾರು ಅರ್ಧ ಗಂಟೆ ಬೇಕು. ಹಬ್ಬದ ದಿನ ಊಟದ ಜೊತೆ ಮೂರು ಹೋಳಿಗೆ ತಿಂದ ಮಗುವಿಗಿಂತ, ದಿನವಿಡೀ ಗಂಟೆಗೊಂದು ಬಿಸ್ಕತ್ತು ತಿನ್ನುವ ಮಗುವಿನ ಹಲ್ಲು ಬೇಗ ಹೋಗುತ್ತದೆ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದಂತೂ ಬೇಡವೇ ಬೇಡ. ಮೇಲಿನ ಮುಂದಿನ ಹಲ್ಲುಗಳು ಮೊದಲು ಕರಗುವುದು ಅದರಿಂದಲೇ.

ಒಂದು ಮಾತು ಪಾವಗಡ, ಮುಂಡರಗಿ ಸೀಮೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವರಿಗೆ. ಆ ಕಡೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಒಂದು ಲೀಟರಿಗೆ 1.5 ಮಿಲಿಗ್ರಾಮ್ ದಾಟಬಾರದು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ. ಉಜ್ಜದ ಕೊಳೆ ಅಲ್ಲ ಅದು. ಅದಕ್ಕಾಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವವರನ್ನು ನೋಡಿದ್ದೇನೆ. ಯಾರೂ ಅವರನ್ನು ಆಡಿಕೊಳ್ಳಬೇಡಿ.

ಶಿಕ್ಷಕರಿಗೆ, ಅದರಲ್ಲೂ ಪಿ.ಇ. ಮೇಷ್ಟ್ರಿಗೆ ಒಂದು ವಿಷಯ ಹೇಳದೆ ಇಳಿಯುವುದಿಲ್ಲ. ಕಬಡ್ಡಿಯಲ್ಲೋ ಖೋಖೋದಲ್ಲೋ ಬಿದ್ದು ಮುಂದಿನ ಹಲ್ಲು ಬೇರು ಸಮೇತ ಆಚೆ ಬಂದರೆ ಎಸೆಯಬೇಡಿ. ಹೈಸ್ಕೂಲು ಮಕ್ಕಳ ಮುಂದಿನ ಹಲ್ಲು ಶಾಶ್ವತವಾದದ್ದು. ಬೇರನ್ನು ಮುಟ್ಟದೆ ಮೇಲಿನ ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಿದ್ದರೆ ನೀರಿನಲ್ಲಿ ಒಂದು ಕ್ಷಣ ಹಿಡಿಯಿರಿ, ಉಜ್ಜಬೇಡಿ. ಆದರೆ ಅದೇ ಗೂಡಿಗೆ ಮತ್ತೆ ಕೂರಿಸಿ ಬಟ್ಟೆ ಕಚ್ಚಿಸಿ. ಧೈರ್ಯವಾಗದಿದ್ದರೆ ಹಾಲಿನಲ್ಲಿ ಹಾಕಿ, ಮಗುವನ್ನೂ ಹಾಲಿನ ಲೋಟವನ್ನೂ ಗಂಟೆಯೊಳಗೆ ದಂತವೈದ್ಯರ ಹತ್ತಿರ ಮುಟ್ಟಿಸಿ. ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಎಷ್ಟೋ ಹಲ್ಲು ಮತ್ತೆ ಹಿಡಿದುಕೊಳ್ಳುತ್ತವೆ. ಚಿಕ್ಕ ಮಕ್ಕಳ ಹಾಲುಹಲ್ಲು ಬಿದ್ದರೆ ಮಾತ್ರ ಹಾಗೆ ಕೂರಿಸಬಾರದು, ಕೆಳಗಿನ ಹಲ್ಲಿಗೆ ಪೆಟ್ಟಾಗುತ್ತದೆ.

ಖರ್ಚಿನ ಬಗ್ಗೆ ಬೆಳಿಗ್ಗೆ ಒಬ್ಬ ತಾಯಿ ಕೇಳಿದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ತಂಡ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ, ಅವರು ನೋಡಬೇಕಾದದ್ದರಲ್ಲಿ ಹಲ್ಲೂ ಸೇರಿದೆ. ತಂಡ ಬಂದ ದಿನ ಮಗುವನ್ನು ಶಾಲೆ ಬಿಡಿಸಬೇಡಿ. ಅವರು ಚೀಟಿ ಬರೆದುಕೊಟ್ಟರೆ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಡದೆ, ಅದರಲ್ಲಿ ಬರೆದ ಆಸ್ಪತ್ರೆಗೆ ಹೋಗಿ.

ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಎಂಟನೇ ತರಗತಿ 'ಬಿ' ವಿಭಾಗದ ಕೊಠಡಿಯಲ್ಲಿ ನಾನೂ ನನ್ನ ಇಬ್ಬರು ಸಹಾಯಕರೂ ಇರುತ್ತೇವೆ. ಮೆಷಿನ್ ತಂದಿಲ್ಲ. ಕನ್ನಡಿ, ಟಾರ್ಚು, ಒಂದಿಷ್ಟು ಸಿಮೆಂಟು ಮತ್ತು ಆ ಕಪ್ಪು ಮಾಡುವ ದ್ರವ ಇದೆ. ಮೂರು ವರ್ಷದಿಂದ ಹನ್ನೆರಡು ವರ್ಷದವರೆಗಿನವರನ್ನು ಕರೆತನ್ನಿ, ಅದಕ್ಕಿಂತ ಚಿಕ್ಕವರೂ ಬರಲಿ. ರಾತ್ರಿ ಮನೆಯಲ್ಲಿ ಏನು ಹೇಳಬೇಕು ಅಂತ ಈಗ ನಿಮಗೆ ಗೊತ್ತಿದೆ. ಮುಂದೆ ಕೂತಿರುವ ಮಕ್ಕಳೇ, ನಾಳೆ ಬಂದವರು ಮೊದಲು ನನ್ನ ಹಲ್ಲು ಎಣಿಸಬಹುದು. ಎಷ್ಟು ಇರಬೇಕಿತ್ತು, ಎಷ್ಟಿದೆ ಅಂತ ಸರಿಯಾಗಿ ಹೇಳಿದವರಿಗೆ ಹೊಸ ಬ್ರಷ್ಷು ಕೊಡುತ್ತೇನೆ.